ಅಳೆಯದ ಓಣಿ

ಗೆರೆಮೇಷ್ಟ್ರಿಗೆ ಟೇಪು ಬೇಡ ಎಂಬ ಮಾತು ಪುರಸಭೆಯ ನಕ್ಷೆ ವಿಭಾಗದಲ್ಲಿ ಹುಟ್ಟಿ ಮೂವತ್ತು ವರ್ಷವಾಗಿತ್ತು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ನಕ್ಷೆ ಬರೆಯುವವರು. ಹೊಸಬರು ಎಳೆದ ಗೆರೆಯನ್ನು ಕನ್ನಡಕ ಮೂಗಿನ ತುದಿಗಿಳಿಸಿ ನೋಡಿ, “ಇದೇನು ಗೋಡೆಯೋ, ಬಟ್ಟೆ ಒಣಗಿಸೋ ಹಗ್ಗವೋ?” ಎಂದು ಕೇಳುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಯಾವ ಕೋಣೆಗೆ ಕಾಲಿಟ್ಟರೂ ಒಮ್ಮೆ ಸುತ್ತ ಕಣ್ಣಾಡಿಸಿ, “ಹನ್ನೊಂದಡಿ ನಾಲ್ಕಿಂಚು” ಎನ್ನುವರು. ಅನುಮಾನವಿದ್ದವರು ಅಳೆದು ನೋಡಿ ಬೆಪ್ಪಾಗುವರು. ನೆಂಟರ ಹೊಸಮನೆಗೆ ಹೋಗಿ, “ಈ ಗೋಡೆ ಮೂಲೆಗೆ ಕೂತಿಲ್ಲ” ಎಂದು ಎಲ್ಲರೆದುರೇ ಹೇಳಿ ಮನೆಯವರ ಮುಖ ಇಳಿಸಿದ್ದೂ ಉಂಟು. ಅಂದಿನಿಂದ ಅವರ ಹೆಂಡತಿ ಯಾರ ಮನೆಗೆ ಹೊರಟರೂ ಬಾಗಿಲಲ್ಲೇ ತಾಕೀತು ಮಾಡುವರು: “ಬಾಯಿ ಮುಚ್ಕೊಂಡಿರಿ. ಸಾಧ್ಯ ಆದ್ರೆ ಕಣ್ಣೂ.”

ಅಂಥ ಮನುಷ್ಯ ಒಂದೇ ಒಂದು ಓಣಿಯನ್ನು ಅಳೆಯದೆ, ಅಳೆದಿದ್ದೇನೆ ಎಂದು ರುಜು ಹಾಕಿದರು. ಅದೂ ತಾವು ಹುಟ್ಟಿ ಬೆಳೆದ ಓಣಿ.

ಆ ರುಜು ಬಿದ್ದದ್ದು ಒಂದು ಒಳ್ಳೆಯ ಕೆಲಸದ ಮೇಲೆಯೇ. ಹಳೇ ಪೇಟೆಯಲ್ಲಿ ಹನ್ನೊಂದು ಓಣಿಗಳು. ಒಂದೊಂದಾಗಿ ಮನೆ ಕೊಂಡು, ಕೆಡವಿ, ಡಬ್ಬಿ ಮೇಲೆ ಡಬ್ಬಿ ಇಟ್ಟಂತೆ ಕಟ್ಟುವವರು ಬರತೊಡಗಿದ್ದರು. ಆ ಹೊತ್ತಿಗೆ ಪುರಸಭೆಗೆ ಹೊಸ ವಿನ್ಯಾಸಗಾರ್ತಿಯೊಬ್ಬರು ಬಂದರು. ಎಲ್ಲರೂ ಮೇಡಂ ಎನ್ನುತ್ತಿದ್ದ ಆಕೆಗೆ ಮೂವತ್ತೆರಡೋ ಮೂವತ್ಮೂರೋ ವಯಸ್ಸು, ಕಾಲಲ್ಲಿ ಯಾವಾಗಲೂ ಧೂಳು ಹಿಡಿದ ಬೂಟು. ಪೇಟೆ ಬೆಳೆಯುವುದು ಬೇಡ ಎಂದರೆ ಯಾರೂ ಕೇಳುವುದಿಲ್ಲ. ಹೇಗೆ ಬೆಳೆಯಬೇಕು ಎಂದು ಪೇಟೆಯವರೇ ಹೇಳಲಿ, ನಾವು ಬರೆದಿಡೋಣ ಎಂಬುದು ಆಕೆಯ ವಾದ. ವಾಚನಾಲಯದ ಹಾಲಿನಲ್ಲಿ ಎಂಟು ತಿಂಗಳು ಸಭೆಗಳು ನಡೆದವು. ದರ್ಜಿ ಬಂದು ಬೆಳಕು ಬೇಕು ಅಂದ. ಬೇಕರಿಯವನು ಅಂಗಡಿ ಮುಂದೆ ನೆರಳು ಬೇಕು ಅಂದ. ಬೀಗ ರಿಪೇರಿಯವನಂತೂ ಎದ್ದು ನಿಂತು, “ಎದುರುಮನೆಯೋರು ಓಣಿ ಕಡೆ ಕಿಟಕಿನೇ ಇಡದೆ ಗೋಡೆ ಎಬ್ಬಿಸಿದಾರೆ. ದಿನಾ ಬೆನ್ನು ತೋರಿಸ್ಕೊಂಡು ಕೂತಿರೋ ಮನುಷ್ಯನ ಎದುರಿಗೆ ಕೆಲಸ ಮಾಡಿದಂಗಾಗುತ್ತೆ” ಎಂದು ಚಪ್ಪಾಳೆ ಗಿಟ್ಟಿಸಿದ. ಅದೆಲ್ಲ ಸೇರಿ ಒಂದು ಪುಸ್ತಕವಾಯಿತು. ವಿನ್ಯಾಸ ಮಾರ್ಗಸೂಚಿ ಎಂದು ಹೆಸರು. ಓಣಿಗೆ ಬೆನ್ನು ಹಾಕಿ ಮನೆ ಕಟ್ಟಬಾರದು, ಮೂರಂತಸ್ತಿಗಿಂತ ಮೇಲೇರಬಾರದು, ಹೀಗೆ ಹದಿನಾಲ್ಕು ಸೂತ್ರ.

ಅದರಲ್ಲಿ ಏಳನೆಯದು ಮೇಡಂಗೆ ಬಹಳ ಪ್ರೀತಿಯದು. ಅಳತೆಯ ದಿನ ಓಣಿಯಲ್ಲಿ ಏನಿತ್ತೋ, ಯಾರಿಗೆ ಉಪಯೋಗವಾಗುತ್ತಿತ್ತೋ, ಅದು ಇದ್ದಲ್ಲೇ ಇರಲಿ: ಮೆಟ್ಟಿಲು, ಕಟ್ಟೆ, ನಲ್ಲಿ, ಮರ. ಪುರಸಭೆ ಓಣಿಗಳಿಗೆ ಹೊಸ ಕಲ್ಲುಹಾಸು ಹಾಕುವಾಗ ಅದನ್ನು ಮುಟ್ಟುವಂತಿಲ್ಲ. ಅಳತೆಯಾದ ಮೇಲೆ ಯಾರು ಏನೇ ಕಟ್ಟಿದರೂ ಮನೆಯ ಗಡಿಯೊಳಗೇ ಕಟ್ಟಬೇಕು, ಹೊರಚಾಚಿದ್ದನ್ನು ತೆಗೆಯಬೇಕು. ಹಾಗಾಗಿ ನಕ್ಷೆಯಲ್ಲಿ ಕಪ್ಪು ಗೆರೆ ಬಿದ್ದದ್ದು ಉಳಿಯಿತು, ಬೀಳದ್ದು ಇಲ್ಲ. ಹನ್ನೊಂದು ಓಣಿಗಳ ಅಳತೆ ಮೇಷ್ಟ್ರ ಕೈಗೆ ಬಂತು. ಹತ್ತನ್ನು ಅವರು ಸಹಾಯಕರ ಜೊತೆ ಇಂಚು ಬಿಡದೆ ಅಳೆದರು. ಹನ್ನೊಂದನೆಯದಕ್ಕೆ ಮಾತ್ರ, “ಅದು ನಮ್ಮ ಓಣಿ, ನಾನೊಬ್ಬನೇ ಹೋಗಿ ಬರ್ತೀನಿ” ಎಂದರು.

ಆ ಓಣಿಯಲ್ಲಿ, ಮೇಷ್ಟ್ರು ಹುಟ್ಟಿದ ಮನೆಯಲ್ಲಿ, ಅಕ್ಕ ಮತ್ತು ಭಾವ ಇದ್ದರು. ಅಪ್ಪ ಹಾಸಿಗೆ ಹಿಡಿದ ಮೂರು ವರ್ಷ ನೋಡಿಕೊಂಡದ್ದು ಅವರೇ. ಭಾವನಿಗೆ ಓಣಿಯ ಮೂಲೆಯಲ್ಲಿ ರೇಡಿಯೊ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಪುಟ್ಟ ಅಂಗಡಿ. ಮಾತಿಗೆ ಮೊದಲು ನಗುವ ಮನುಷ್ಯ. ಅಳತೆಗೆ ಎರಡು ವರ್ಷ ಮೊದಲು ಒಂದು ಬೆಳಿಗ್ಗೆ ಅಂಗಡಿಯಲ್ಲೇ ಕುಸಿದರು. ಎಡಗೈ, ಎಡಗಾಲು ಹೋದವು, ಬಾಯಿ ಒಂದು ಕಡೆಗೆ ಎಳೆಯಿತು. ಮೇಷ್ಟ್ರು ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋದರು. ಭಾವ ಏನೋ ಹೇಳಲು ಹೋಗಿ, ಮಾತು ಕಲಸಿ, ಅಳತೊಡಗಿದರು. ಮೇಷ್ಟ್ರು ಹಣ್ಣಿನ ಚೀಲವನ್ನು ಮಂಚದ ಮೇಲಿಟ್ಟು ಹೊರಗೆ ಬಂದುಬಿಟ್ಟರು. ಮನೆಗೆ ಬಂದ ಮೇಲೆ ಹೋಗಿ ನೋಡೋಣ ಅಂದುಕೊಂಡರು. ಒಂದು ವಾರ ಮುಂದೂಡಿದರು. ವಾರ ತಿಂಗಳಾಯಿತು. ತಿಂಗಳಾದ ಮೇಲೆ ಹೋದರೆ ಇಷ್ಟು ದಿನ ಯಾಕೆ ಬರಲಿಲ್ಲ ಅಂತಾರೆ ಎಂಬ ಅಂಜಿಕೆ ಶುರುವಾಯಿತು. ಹೋಗದೆ ಇದ್ದದ್ದೇ ಹೋಗದಿರಲು ಕಾರಣವಾಗಿ ಕೂತಿತು. ಜಗಳವಿಲ್ಲ, ಮನಸ್ತಾಪವಿಲ್ಲ, ಬಸ್ಸಿನಲ್ಲಿ ಮೂರು ನಿಲ್ದಾಣ. ಫೋನಿನಲ್ಲಿ ಅಕ್ಕ, “ಯಾವಾಗ ಬರ್ತೀಯೋ ಪುಟ್ಟಾ?” ಅನ್ನುವರು. ಐವತ್ತು ದಾಟಿದ ಪುಟ್ಟ, “ಬರ್ತೀನಕ್ಕ, ಈ ವಾರ ಬಿಡುವೇ ಇಲ್ಲ” ಅನ್ನುವರು.

ಅಳತೆಯ ನೆಪದಲ್ಲಾದರೂ ಹೋಗಿಬಿಡೋಣ ಎಂದು ಅವರು ನಿಜವಾಗಿಯೂ ನಿರ್ಧರಿಸಿದ್ದರು. ಮಂಗಳವಾರ ಮಧ್ಯಾಹ್ನ ಬರುತ್ತೇನೆಂದು ಅಕ್ಕನಿಗೆ ಫೋನೂ ಮಾಡಿದ್ದರು. ಹೆಗಲಲ್ಲಿ ಟೇಪಿನ ಚೀಲ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಬಸ್ಸಿಳಿದು ಓಣಿಯ ಬಾಯಿಗೆ ಬಂದರು. ಅಲ್ಲಿಂದ ಮನೆ ಕಾಣುವುದಿಲ್ಲ, ತಿರುವಿನಾಚೆ ಇದೆ. ತಿರುವಿನ ಕಡೆಯಿಂದ ಯಾರೋ ಕಷ್ಟಪಟ್ಟು, ತೊದಲುತ್ತಾ, ದೊಡ್ಡದಾಗಿ ಮಾತಾಡುತ್ತಿದ್ದುದು ಕೇಳಿಸಿತು. ಭಾವನ ದನಿ. ಮೇಷ್ಟ್ರ ಕಾಲು ಅಲ್ಲೇ ಕಚ್ಚಿಕೊಂಡಿತು. ಒಂದು ನಿಮಿಷ ನಿಂತರು. ಆಮೇಲೆ ತಿರುಗಿ, ಬಸ್‌ ನಿಲ್ದಾಣದ ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ಹೋಗಿ ಕೂತರು.

ಮೊದಲು ಸುಧಾರಿಸಿಕೊಂಡು ಹೋಗೋಣ ಎಂದಿತ್ತು. ಸುಮ್ಮನೆ ಕೂರುವುದು ಹೇಗೆ ಎಂದು ಅಳತೆಪುಸ್ತಕ ತೆರೆದರು. ಓಣಿಯ ಬಾಯಿ ಹನ್ನೆರಡು ಅಡಿ. ಚಿಕ್ಕಂದಿನಲ್ಲಿ ಅಂಗಾತ ಮಲಗಿ ಅಳೆದಿದ್ದರು, ಮೂರು ಮಕ್ಕಳುದ್ದ. ತಿರುವಿನಲ್ಲಿ ಒಂಬತ್ತು. ನಲ್ಲಿ, ಬೇಕರಿಯ ಕಟ್ಟೆ, ದರ್ಜಿಯ ಕಿಟಕಿ. ಕೈ ತಾನೇ ಓಡಿತು. ಕೊನೆಗೆ ತಮ್ಮ ಮನೆ, ಮನೆ ಮುಂದಿನ ಮೂರು ಕಲ್ಲಿನ ಮೆಟ್ಟಿಲು. ಎರಡನೆಯ ಮೆಟ್ಟಿಲಿನ ಎಡಮೂಲೆ ಒಡೆದಿದೆ. ಒಂಬತ್ತು ವರ್ಷದವರಿದ್ದಾಗ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಹಾಕಿ ಒಡೆದದ್ದು ಅವರೇ. ಅಪ್ಪ ಬೆತ್ತ ಹಿಡಿದು ಬಂದಾಗ, “ನಾನೇ ಬೀಳಿಸಿದ್ದು” ಎಂದು ಅಕ್ಕ ಮುಂದೆ ಬಂದು ಏಟು ತಿಂದಿದ್ದರು. ಆ ಒಡೆದ ಮೂಲೆಯನ್ನೂ ಮೇಷ್ಟ್ರು ಎರಡು ಪುಟ್ಟ ಗೆರೆಯಲ್ಲಿ ಮೂಡಿಸಿದರು. ಮೂರು ಲೋಟ ಚಹಾ ಮುಗಿಯುವಷ್ಟರಲ್ಲಿ ಓಣಿ ಮುಗಿದಿತ್ತು. ಬಸ್ಸು ಬಂತು. ಹತ್ತಿಬಿಟ್ಟರು.

ಸಂಜೆ ಅಕ್ಕನೇ ಫೋನ್ ಮಾಡಿ, “ಯಾಕೋ ಬರ್ಲಿಲ್ಲ?” ಅಂದರು.

“ಬಂದಿದ್ದೆನಕ್ಕ. ಬಾಗಿಲು ಹಾಕಿತ್ತು. ಎರಡು ಸಲ ತಟ್ಟಿದೆ. ನಿದ್ದೆ ಬಂದಿರ್ಬೇಕು, ಎಬ್ಬಿಸೋದು ಬೇಡ ಅಂತ ಅಳತೆ ಮುಗಿಸ್ಕೊಂಡು ಹೊರಟ್ಬಿಟ್ಟೆ.”

“ಅಯ್ಯೋ ನನ್ನ ಹಾಳು ನಿದ್ದೆ” ಅಂದರು ಅಕ್ಕ.

ಸುಳ್ಳು ಇಷ್ಟು ಸಲೀಸಾಗಿ ಹೋಗಿ ಕೂರುತ್ತದೆಂದು ಮೇಷ್ಟ್ರಿಗೇ ಗೊತ್ತಿರಲಿಲ್ಲ. ಬಿಸ್ಕತ್ತನ್ನು ಕಚೇರಿಯಲ್ಲಿ ಹಂಚಿದರು.

ಮಾರ್ಗಸೂಚಿಯ ಪುಸ್ತಕ ನಕ್ಷೆಗಳ ಸಮೇತ ಹೊರಬಂದಾಗ ಎಲ್ಲರ ಕಣ್ಣು ಹಿಡಿದದ್ದು ಆ ಹನ್ನೊಂದನೆಯ ಓಣಿಯ ಹಾಳೆಯೇ. ಬೇರೆ ಹತ್ತರಲ್ಲಿ ಅಳತೆ ಇತ್ತು, ಇದರಲ್ಲಿ ಜೀವ ಇತ್ತು. ಮೇಡಂ ಅದಕ್ಕೆ ಚೌಕಟ್ಟು ಹಾಕಿಸಿ ಕಚೇರಿಯ ಮೊಗಸಾಲೆಯಲ್ಲಿ ತೂಗುಹಾಕಿದರು. ಬೇರೆ ಊರಿನ ಅಧಿಕಾರಿಗಳು ಬಂದಾಗ ಒಡೆದ ಮೆಟ್ಟಿಲಿನ ಮೇಲೆ ಬೆರಳಿಟ್ಟು, “ನೋಡಿ, ಜಾಗಕ್ಕೆ ಹೋಗಿ ನೋಡೋದು ಅಂದ್ರೆ ಇದು” ಎಂದು ತೋರಿಸುವರು. ಮೇಷ್ಟ್ರು ಅತ್ತ ಸುಳಿಯುವುದನ್ನೇ ಬಿಟ್ಟರು. ನೀರು ಕುಡಿಯಲು ಕೂಡ ಹಿಂದಿನ ಮೆಟ್ಟಿಲಿಳಿದು ಸುತ್ತಿಬಳಸಿ ಹೋಗುತ್ತಿದ್ದರು. ಮಂಡಿನೋವಿಗೆ ವ್ಯಾಯಾಮ ಎಂದು ಕೇಳಿದವರಿಗೆ ಹೇಳುತ್ತಿದ್ದರು.

ಎರಡು ವರ್ಷ ಹೀಗೇ ಕಳೆಯಿತು. ಕಲ್ಲುಹಾಸಿನ ಕೆಲಸ ಹತ್ತು ಓಣಿ ಮುಗಿಸಿ ಹನ್ನೊಂದನೆಯದಕ್ಕೆ ಬಂತು.

ಒಂದು ಬೆಳಿಗ್ಗೆ ಮೇಷ್ಟ್ರು ತಲೆಯೆತ್ತಿದರೆ ಮೇಜಿನ ಮುಂದೆ ಅಕ್ಕ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೇಷ್ಟ್ರ ನೆನಪಿನಲ್ಲಿದ್ದ ಅಕ್ಕನ ಕೂದಲು ಕಿವಿಯ ಹತ್ತಿರ ಮಾತ್ರ ನರೆತಿತ್ತು. ಅಕ್ಕನ ಕೈಯಲ್ಲಿ ಮಾರ್ಗಸೂಚಿಯ ಪುಸ್ತಕ, ಅದಕ್ಕೆ ಶಾಲೆಪುಸ್ತಕದ ಹಾಗೆ ಕಂದು ಕಾಗದದ ಹೊದಿಕೆ.

“ನಿನ್ನ ಕೆಲಸ ಕೆಡಿಸಿದ್ನೇನೋ?”

“ಇಲ್ಲ ಇಲ್ಲ. ಕೂತ್ಕೋ. ಏನಾಯ್ತು?”

ಆದದ್ದು ಇಷ್ಟು. ಗುತ್ತಿಗೆದಾರರ ಮೇಸ್ತ್ರಿ ನಕ್ಷೆ ಹಿಡಿದುಕೊಂಡು ಬಂದು, ಅಕ್ಕನ ಮನೆ ಮುಂದಿನ ಇಳಿಜಾರಿನ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಅಡ್ಡಗೀಟು ಹಾಕಿ ಹೋಗಿದ್ದ. ನಕ್ಷೆಯಲ್ಲಿ ಇಳಿಜಾರಿಲ್ಲ, ಮೆಟ್ಟಿಲಿದೆ. ಇಳಿಜಾರು ಒಡೆದು ಮೆಟ್ಟಿಲು ಮೊದಲಿನಂತೆ ಮಾಡಬೇಕು ಎಂದಿದ್ದ.

“ಯಾವ ಇಳಿಜಾರು?” ಎಂದು ಮೇಷ್ಟ್ರ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು. ಕೇಳಿದ್ದರೆ ಅಲ್ಲೇ ಬಯಲಾಗುತ್ತಿತ್ತು.

ಅಕ್ಕ ಕೇಳದೆಯೇ ಹೇಳಿದರು. ಆಸ್ಪತ್ರೆಯಿಂದ ಬಂದ ಮೇಲೆ ಭಾವ ಎರಡು ತಿಂಗಳು ಹೊಸ್ತಿಲು ದಾಟಿರಲಿಲ್ಲ. ಗಾಲಿಕುರ್ಚಿ ಇತ್ತು, ಇಳಿಸಲು ಇಬ್ಬರು ಗಂಡಸರು ಬೇಕು. ಮೂಟೆಯ ಹಾಗೆ ಎತ್ತಿಸಿಕೊಂಡು ಬೀದಿಗೆ ಬರುವುದಿಲ್ಲ ಎಂದು ಹಠ ಹಿಡಿದರು. ಕ್ರಮೇಣ ಮಾತೂ ಬಿಟ್ಟರು, ಊಟವೂ ಅರ್ಧವಾಯಿತು. ಕೊನೆಗೆ ಬೀಗ ರಿಪೇರಿಯವನೇ ಗಾರೆಯವನನ್ನು ಕರೆತಂದು, ಗೋಡೆಗುಂಟ ಒಂಬತ್ತಡಿ ಉದ್ದದ ಇಳಿಜಾರು ಕಟ್ಟಿಸಿ, ಹಿಡಿದುಕೊಳ್ಳಲು ಕಬ್ಬಿಣದ ಕೊಳವೆ ಬೆಸೆದು ಕೊಟ್ಟ. ಮೆಟ್ಟಿಲು ಅದರಡಿ ಮುಚ್ಚಿಹೋಯಿತು. ಅಂದಿನಿಂದ ದಿನಾ ಒಂಬತ್ತು ಗಂಟೆಗೆ ಭಾವ ಅದರ ಮೇಲೆ ಇಳಿದು ಅಂಗಡಿಗೆ ಹೋಗುತ್ತಾರೆ. ಅಕ್ಕ ರೇಡಿಯೊ ಹಿಡಿದುಕೊಳ್ಳುತ್ತಾರೆ, ಅವರು ಒಂದೇ ಕೈಯಲ್ಲಿ ಬೆಸುಗೆ ಹಾಕುತ್ತಾರೆ.

“ಇಬ್ಬರೂ ಸೇರಿ ಒಂದು ಮೆಕ್ಯಾನಿಕ್ ಕಣೋ ಈಗ” ಎಂದು ಅಕ್ಕ ನಕ್ಕರು. ನಗು ಅರ್ಧಕ್ಕೇ ನಿಂತಿತು. “ಅದನ್ನ ಒಡೆದ್ರೆ ಅವರು ಮತ್ತೆ ಒಳಗೆ ಕೂತ್ಬಿಡ್ತಾರೆ ಪುಟ್ಟಾ. ಈ ಸಲ ಎದ್ದು ಬರಲ್ಲ. ಅದಕ್ಕೆ ಬಂದೆ.”

ಮೇಷ್ಟ್ರು ಪೆನ್ಸಿಲನ್ನು ಸುಮ್ಮನೆ ಚೂಪು ಮಾಡತೊಡಗಿದರು. ಅದು ಮೊದಲೇ ಚೂಪಾಗಿತ್ತು.

“ಓಣಿಯೋರೆಲ್ಲ ನಿನ್ನ ಮೇಲೆ ಸಿಟ್ಟಾಗಿದ್ರು” ಎಂದರು ಅಕ್ಕ, ದನಿ ತಗ್ಗಿಸಿ. “ಒಡಹುಟ್ಟಿದವನೇ ನಕ್ಷೆ ಮಾಡಿ ಅಕ್ಕನ ಮನೆದೇ ಬಿಟ್ಟಿದಾನಲ್ಲ ಅಂತ. ನಾನು ಬಿಡ್ತೀನಾ? ಸರಿಯಾಗಿ ಹೇಳಿದೆ. ಅವನು ನೋಡೇ ಇರ್ತಾನೆ, ಅಷ್ಟು ದೊಡ್ಡದು ಕಣ್ಣಿಗೆ ಬೀಳದೆ ಇರುತ್ತಾ? ಸ್ವಂತ ಅಕ್ಕನ ಮನೆ ಅಂತ ಪಕ್ಷಪಾತ ಮಾಡ್ಲಿಲ್ಲ, ಅಷ್ಟೇ. ಪರ್ಮಿಶನ್ ಇಲ್ಲದೆ ಕಟ್ಟಿದ್ದು ನಮ್ದೇ ತಪ್ಪು. ಅವತ್ತು ನಾನು ಎದ್ದಿದ್ರೆ ನೀನೇ ಬಾಯಿಬಿಟ್ಟು ಹೇಳ್ತಿದ್ದೆ, ಅರ್ಜಿ ಹಾಕಕ್ಕ ಅಂತ. ನಿದ್ದೆ ಹೋಗಿ ಎಲ್ಲ ಕೆಡಿಸಿದೆ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮೇಷ್ಟ್ರಿಗೆ ತಲೆಯೆತ್ತಲು ಆಗಲಿಲ್ಲ. ಹೇಳಿಬಿಡು, ಈಗಲೇ ಹೇಳಿಬಿಡು ಎಂದು ಒಳಗಿನಿಂದ ಒದ್ದುಕೊಂಡು ಬರುತ್ತಿತ್ತು. ಅದೇ ಹೊತ್ತಿಗೆ ಮೊಗಸಾಲೆಯಲ್ಲಿ ಮೇಡಂ ಯಾರಿಗೋ ಆ ಚೌಕಟ್ಟು ತೋರಿಸುತ್ತಿದ್ದ ದನಿ ಕೇಳಿಸಿತು. ಒಂದು ಹಾಳೆ ಸುಳ್ಳೆಂದರೆ ಉಳಿದ ಹತ್ತನ್ನು ಯಾರು ನಂಬುತ್ತಾರೆ? ಮೂವತ್ತು ವರ್ಷದ ಹೆಸರು ಏನಾಗುತ್ತದೆ? ಮೇಷ್ಟ್ರು ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದರು.

“ಅರ್ಜಿ ನಾನೇ ಬರ್ಕೊಡ್ತೀನಿ” ಎಂದರು.

ಮುತ್ತಿನಂಥ ಅಕ್ಷರದಲ್ಲಿ ಬರೆದರು: ಅಳತೆಯಾದ ನಂತರ, ನಿಯಮ ತಿಳಿಯದೆ ಕಟ್ಟಿಕೊಂಡ ಇಳಿಜಾರನ್ನು, ಮನೆಯಲ್ಲಿ ಅಂಗವಿಕಲರಿರುವುದರಿಂದ ಅನುಕಂಪದ ಮೇಲೆ ಉಳಿಸಿಕೊಡಬೇಕಾಗಿ ಪ್ರಾರ್ಥನೆ.

ಅಕ್ಕ ಕನ್ನಡಕ ಹಾಕಿಕೊಂಡು ಓದಿದರು. “ನಂತರ ಅಲ್ವಲ್ಲೋ. ಅಳತೆಗಿಂತ ಒಂದೂವರೆ ವರ್ಷ ಮೊದಲೇ ಕಟ್ಟಿದ್ದು.”

“ಹೀಗೆ ಬರೆದ್ರೆ ಸುಲಭ ಆಗುತ್ತೆ.”

“ಯಾರಿಗೆ?” ಎಂದರು ಅಕ್ಕ. ಚುಚ್ಚಲು ಕೇಳಿದ್ದಲ್ಲ; ತಿಳಿಯದೆ ಕೇಳಿದ್ದು. ಅಕ್ಕ ತಮ್ಮನ ಮುಖ ಒಂದು ಗಳಿಗೆ ನೋಡಿ, ಪೆನ್ನು ಕೇಳಿ ಪಡೆದು, ನಿಧಾನವಾಗಿ ರುಜು ಹಾಕಿದರು. ಹೋಗುವಾಗ ಕೈಚೀಲದಿಂದ ಒಂದು ಪುಟ್ಟ ಟಾರ್ಚು ತೆಗೆದು ಮೇಜಿನ ಮೇಲಿಟ್ಟರು. “ನಿಮ್ಮ ಭಾವ ಮಾಡಿದ್ದು. ಪುಟ್ಟನಿಗೆ ಕೊಡು, ಅವನ ಕಣ್ಣಿನ ಕೆಲಸ ಅಂದ್ರು.”

ಆಮೇಲಿನ ಹತ್ತು ದಿನ ಮೇಷ್ಟ್ರಿಗೆ ಅನ್ನ ಇಳಿಯಲಿಲ್ಲ. ಮಾಡಬಾರದ್ದನ್ನು ಎರಡು ಸಲ ಮಾಡಿದ್ದರು. ಮೊದಲನೆಯದಕ್ಕಾದರೂ ಅಂಜಿಕೆ ಎಂಬ ನೆಪವಿತ್ತು. ಎರಡನೆಯದನ್ನು ಹಗಲಲ್ಲಿ, ಕೂತು, ಒಳ್ಳೆ ಅಕ್ಷರದಲ್ಲಿ ಮಾಡಿದ್ದರು. ಹೆಂಡತಿ ಒಂದು ದಿನ, “ಅತ್ತಿಗೆ ಫೋನ್ ಮಾಡಿದ್ರು. ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು. ಅಂಥದ್ದೇನ್ರೀ ಮಾಡಿದ್ರಿ?” ಎಂದು ಕೇಳಿದರು.

“ಏನಿಲ್ಲ. ಒಂದು ಅರ್ಜಿ ಬರ್ಕೊಟ್ಟೆ” ಎಂದು ಮೇಷ್ಟ್ರು ತಟ್ಟೆಯ ಮುಂದಿನಿಂದ ಎದ್ದರು.

ಆಕ್ಷೇಪಣೆಗಳ ವಿಚಾರಣೆ ಅದೇ ವಾಚನಾಲಯದ ಹಾಲಿನಲ್ಲಿ. ಓಣಿಯವರು ಇಪ್ಪತ್ತು ಮೂವತ್ತು ಜನ ಬೆಂಚುಗಳ ಮೇಲೆ. ಮುಂದೆ ಮೇಡಂ, ಪಕ್ಕದ ಗೋಡೆಗೆ ಓಣಿಯ ದೊಡ್ಡ ನಕ್ಷೆ, ಅದರ ಬದಿಗೆ ಕೋಲು ಹಿಡಿದು ಮೇಷ್ಟ್ರು. ಅಕ್ಕ ಮೂರನೆಯ ಸಾಲಿನಲ್ಲಿ ಕೂತು, ತಮ್ಮ ನಿಂತ ಠೀವಿ ನೋಡಿ ಪಕ್ಕದವರ ಮೊಣಕೈ ತಿವಿದು ಏನೋ ಹೇಳಿದರು.

ಮೇಡಂ ಅರ್ಜಿ ಓದಿ ಕಾಗದ ಕೆಳಗಿಟ್ಟರು. ಅವರ ಮುಖದಲ್ಲೂ ನೆಮ್ಮದಿ ಇರಲಿಲ್ಲ. “ಅಮ್ಮಾ, ನನಗೆ ಕರುಳಿಲ್ಲ ಅಂದ್ಕೋಬೇಡಿ. ಹೋದ ತಿಂಗಳು ಇದೇ ಓಣಿಯಲ್ಲಿ ಬೇಕರಿಯವರ ಹೊಸ ಚಾವಣಿ ಬಿಚ್ಚಿಸಿದೀನಿ. ಅಳತೆ ಆದ ಮೇಲಿನದು ಅಂತ. ಅವರಿಗೊಂದು ನ್ಯಾಯ ನಿಮಗೊಂದು ನ್ಯಾಯ ಮಾಡಿದ್ರೆ ನಾಳೆ ಆ ಡಬ್ಬಿ ಕಟ್ಟೋರು ಬಂದು ಇದೇ ಅರ್ಜಿ ನನ್ನ ಮುಖದ ಮುಂದೆ ಹಿಡೀತಾರೆ. ಪುಸ್ತಕ ಅಲ್ಲಿಗೆ ಮುಗೀತು. ಗಡಿಯೊಳಗೆ, ಬಾಗಿಲ ಒಳಗಡೆಯಿಂದ ಏನಾದರೂ ಮಾಡಕ್ಕಾಗುತ್ತಾ ನೋಡೋಣ.”

“ಒಳಗೆ ಎರಡೂವರೆ ಅಡಿ ಜಾಗ ಇದೆ ಮೇಡಂ, ಅದರಲ್ಲಿ ಏನು ಇಳಿಜಾರು?” ಬೀಗ ರಿಪೇರಿಯವನು ಎದ್ದು ನಿಂತ. “ಅದೂ ಅಲ್ಲದೆ, ಆಮೇಲಿನದು ಅಂತ ಯಾರು ಹೇಳಿದ್ದು? ಕೊಳವೆ ಬೆಸೆದವನೇ ನಾನು. ಮೂರೂವರೆ ವರ್ಷ ಆಯ್ತು. ನಿಮ್ಮ ಅಳತೆಗೆ ಇನ್ನೂ ಎರಡೇ ವರ್ಷ.”

ಹಾಲಿನಲ್ಲಿ ಗುಜುಗುಜು ಎದ್ದಿತು. ಮೇಡಂ ತಿರುಗಿ ನಕ್ಷೆಯ ಹತ್ತಿರ ಬಂದರು. ಬೆರಳು ಅದೇ ಒಡೆದ ಮೂಲೆಯ ಮೇಲೆ ನಿಂತಿತು. “ನೋಡಿ, ಎರಡನೇ ಮೆಟ್ಟಿಲಿನ ಮೂಲೆ ಒಡೆದಿರೋದು ಕೂಡ ಇಲ್ಲಿದೆ. ಇಳಿಜಾರು ಮುಚ್ಚಿದ್ರೆ ಇದು ಹೇಗೆ ಕಾಣ್ತಿತ್ತು? ಕಣ್ಣಾರೆ ನೋಡದೆ ಯಾರೂ ಇದನ್ನ ಬರೆಯಕ್ಕಾಗಲ್ಲ. ಒಂದೋ ನೀವು ತಪ್ಪು ಹೇಳ್ತಿದೀರಿ, ಇಲ್ಲ ಈ ನಕ್ಷೆ ಸುಳ್ಳು.”

ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ ಬಿತ್ತು. ಅವರು ಬಾಯಿ ತೆರೆಯುವ ಮೊದಲೇ ಮೂರನೆಯ ಸಾಲಿನಲ್ಲಿ ಬೆಂಚು ಕಿರ್ರೆಂದಿತು.

“ನಕ್ಷೆ ಸುಳ್ಳಲ್ಲಮ್ಮ” ಎಂದರು ಅಕ್ಕ, ಎದ್ದು ನಿಂತು. “ನನ್ನ ತಮ್ಮ ಹಾಗೆಲ್ಲ ಬರೆಯೋನಲ್ಲ. ಬೀಗದಣ್ಣನಿಗೆ ವರ್ಷದ ಲೆಕ್ಕ ತಪ್ಪಿದೆ. ನಾವೇ ಆಮೇಲೆ ಕಟ್ಟಿದ್ದು. ಒಡೀರಿ. ನಾವು ಹೇಗೋ ಮಾಡ್ಕೋತೀವಿ.”

ಮೇಷ್ಟ್ರಿಗೆ ಇಸ್ತ್ರಿಪೆಟ್ಟಿಗೆ ಮೆಟ್ಟಿಲಿಗೆ ಬಡಿದ ಸದ್ದು ಕೇಳಿಸಿತು. ಬೆತ್ತ ಹಿಡಿದ ಅಪ್ಪನೂ ಕಂಡರು, ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತ ಒಂಬತ್ತು ವರ್ಷದ ಹೇಡಿಯೂ ಕಂಡ. ಆವತ್ತು ಅಕ್ಕನ ಕಾಲ ಮೇಲೆ ಎದ್ದ ಬಾಸುಂಡೆಗೆ ಅವರು ಉಪ್ಪುನೀರು ಹಚ್ಚಿದ್ದರು, ಆದರೆ ಬಾಯಿಬಿಟ್ಟಿರಲಿಲ್ಲ. ಈಗಲೂ ಬಾಯಿಬಿಡದಿದ್ದರೆ ನಡೆದುಹೋಗುತ್ತಿತ್ತು. ಅಕ್ಕ ಎಲ್ಲ ಸಿದ್ಧ ಮಾಡಿಕೊಟ್ಟಿದ್ದರು.

“ಮೇಡಂ, ಅವರು ಸುಳ್ಳು ಹೇಳ್ತಿದಾರೆ” ಎಂದರು ಮೇಷ್ಟ್ರು. “ನನಗೋಸ್ಕರ. ನಾನು ಆ ದಿನ ಓಣಿಯೊಳಗೆ ಕಾಲೇ ಇಟ್ಟಿಲ್ಲ. ಬಸ್‌ಸ್ಟಾಪಿನ ಚಹಾದಂಗಡೀಲಿ ಕೂತು ನೆನಪಿನಿಂದ ಬರೆದೆ. ಆ ಮೂಲೆ ಒಡೆದಿದ್ದು ನಾನು ಚಿಕ್ಕವನಿದ್ದಾಗ. ಅದಕ್ಕೇ ಅದು ನಕ್ಷೇಲಿದೆ. ಇಳಿಜಾರನ್ನ ನಾನು ಇವತ್ತಿನವರೆಗೂ ನೋಡಿಲ್ಲ. ಅರ್ಜಿ ಬರೆದಿದ್ದೂ ನಾನೇ, ‘ನಂತರ’ ಅಂತ ಸೇರಿಸಿದ್ದೂ ನಾನೇ.”

ಮೇಡಂ ಮೇಷ್ಟ್ರನ್ನೇ ನೋಡಿದರು. ಸಿಟ್ಟಿಗಿಂತ, ಕೈಹಿಡಿದು ದಾಟಿಸುತ್ತಿದ್ದವರೇ ನಡುನೀರಿನಲ್ಲಿ ಕೈಬಿಟ್ಟಾಗ ಆಗುವ ಗಾಬರಿ ಆ ಮುಖದಲ್ಲಿತ್ತು. “ನಿಮ್ಮ ಕಣ್ಣು ನಂಬಿ ನಾನು ಜನಕ್ಕೆ ಮಾತು ಕೊಟ್ಟೆ” ಎಂದರು. ಆಮೇಲೆ ಸಭೆಯತ್ತ ತಿರುಗಿ, ಈ ಓಣಿಯ ಹಾಳೆ ರದ್ದು, ಹೊಸದಾಗಿ ಅಳೆಯುವವರೆಗೆ ಒಂದು ಕಲ್ಲನ್ನೂ ಯಾರೂ ಮುಟ್ಟುವುದಿಲ್ಲ ಎಂದರು. ಮೊದಲೇ ಇದ್ದದ್ದೆಂದು ಸಾಕ್ಷಿ ಇರುವುದರಿಂದ ಏಳನೆಯ ಸೂತ್ರದಂತೆ ಇಳಿಜಾರು ಉಳಿಯುತ್ತದೆ. ಬೇಕರಿಯವನ ಚಾವಣಿಯನ್ನೂ ಮತ್ತೆ ಪರಿಶೀಲಿಸಬೇಕಾಗುತ್ತದೆ. ಮೇಷ್ಟ್ರ ವಿಷಯ ಮೇಲಿನವರಿಗೆ ಬರೆಯಬೇಕಾಗುತ್ತದೆ. ಇಷ್ಟು ಹೇಳಿ, ಗೋಡೆಯ ನಕ್ಷೆಯನ್ನು ತಾವೇ ಬಿಚ್ಚಿ ಸುತ್ತಿದರು.

“ಅಳತೆ ಈಗಲೇ ಶುರು ಮಾಡೋಣ” ಎಂದರು. “ಬರೆಯೋದು ನಾನು. ನೀವು ಟೇಪಿನ ತುದಿ ಹಿಡ್ಕೊಳ್ಳಿ.”

ವಾಚನಾಲಯದಿಂದ ಓಣಿಗೆ ಹತ್ತು ನಿಮಿಷದ ನಡಿಗೆ. ಅಕ್ಕ ಮುಂದೆ, ಯಾರ ಜೊತೆಯೂ ಮಾತಿಲ್ಲದೆ. ಮೇಷ್ಟ್ರು ಎಲ್ಲರ ಹಿಂದೆ. ತಿರುವು ದಾಟಿದಾಗ ಮನೆ ಕಂಡಿತು. ಬಾಗಿಲಿಗೆ ಹೊಸ ಹಸಿರು ಬಣ್ಣ. ಕಿಟಕಿಗೆ ಬೇರೆ ಸರಳು. ಮೆಟ್ಟಿಲಿದ್ದ ಜಾಗದಲ್ಲಿ ಬೂದುಬಣ್ಣದ ಇಳಿಜಾರು, ಗಾಲಿ ಉರುಳಿ ಉರುಳಿ ನುಣುಪಾದ ಎರಡು ಜಾಡು, ಹಿಡಿದು ಹಿಡಿದು ಹೊಳೆಯುವ ಕೊಳವೆ. ಅದರ ಮೇಲೆಲ್ಲ ಕೆಂಪು ಅಡ್ಡಗೀಟು. ಮೇಷ್ಟ್ರ ಬಾಯಿಗೆ ಅಳತೆ ತಾನಾಗಿ ಬಂತು: ಒಂಬತ್ತಡಿ ಎರಡಿಂಚು. ಹಲ್ಲು ಕಚ್ಚಿ ಅದನ್ನು ಒಳಗೇ ಇಟ್ಟುಕೊಂಡು, ಮಂಡಿಯೂರಿ, ಟೇಪಿನ ಸೊನ್ನೆಯನ್ನು ಇಳಿಜಾರಿನ ಬುಡಕ್ಕೆ ಒತ್ತಿ ಹಿಡಿದರು.

ಭಾವ ಕುರ್ಚಿಯಲ್ಲಿ ಹೊಸ್ತಿಲಿಗೆ ಬಂದರು. ಮೇಷ್ಟ್ರನ್ನು ಕಂಡು ಅರ್ಧಮುಖದಲ್ಲಿ ಪೂರ್ತಿ ನಕ್ಕರು. “ಪು… ಪುಟ್ಟ ಬಂದ” ಎಂದರು ಹೆಂಡತಿಗೆ, ದೊಡ್ಡದಾಗಿ, ಕಷ್ಟಪಟ್ಟು. ಎರಡು ವರ್ಷದ ಹಿಂದೆ ಓಣಿಯ ಬಾಯಲ್ಲಿ ನಿಂತು ಕೇಳಿ, ಮೇಷ್ಟ್ರು ಓಡಿಹೋಗಿದ್ದು ಇದೇ ದನಿಗೆ ಹೆದರಿ. ಆ ದಿನ ಅವರು ಓಣಿಯವರಿಗೆಲ್ಲ ಕೂಗಿ ಹೇಳುತ್ತಿದ್ದದ್ದೂ ಇವತ್ತು ತನ್ನ ಭಾವಮೈದುನ ಬರುತ್ತಾನೆ ಎಂದೇ ಇರಬಹುದು ಎಂದು ಮೇಷ್ಟ್ರಿಗೆ ಆಗ ಹೊಳೆಯಿತು. ಕೇಳುವ ಧೈರ್ಯ ಬರಲಿಲ್ಲ.

ಅಕ್ಕ ಇಳಿಜಾರು ಹತ್ತಿ ಬಾಗಿಲ ಹತ್ತಿರ ನಿಂತಿದ್ದರು.

“ಅಕ್ಕ” ಎಂದರು ಮೇಷ್ಟ್ರು.

“ಅವತ್ತು ಬಾಗಿಲು ತಟ್ಟಿರ್ಲಿಲ್ಲ ಹಾಗಾದ್ರೆ.”

“ಇಲ್ಲ.”

“ನಾನು ನಿದ್ದೆ ಮಾಡಿರ್ಲಿಲ್ಲ.”

“ಇಲ್ಲಕ್ಕ.”

ಅಕ್ಕ ತಲೆಯಾಡಿಸಿದರು, ಲೆಕ್ಕವೊಂದು ಕೊನೆಗೂ ಸರಿಹೋದಂತೆ. “ನಾನು ಕಿಟಕಿ ಹತ್ರಾನೇ ಕೂತಿದ್ದೆ ಕಣೋ. ಎಲ್ಲಿ ಕಣ್ಣು ಮುಚ್ಚಿಹೋಯ್ತು ಅಂತ ಎಷ್ಟು ಯೋಚಿಸಿದೀನಿ ಗೊತ್ತಾ? ಅವತ್ತಿಂದ ನಾನು ಒಂದು ಮಧ್ಯಾಹ್ನಾನೂ ಮಲಗಿಲ್ಲ. ನೀನು ಮತ್ತೆ ಬಂದು ತಟ್ಟಿ ವಾಪಸ್ ಹೋಗ್ಬಿಟ್ರೆ ಅಂತ.”

ಮೇಷ್ಟ್ರ ಕಣ್ಣು ಮಂಜಾಗಿ ಟೇಪಿನ ಅಂಕಿಗಳು ಕಾಣದಾದವು. ಅಕ್ಕ ಗಂಡನ ಕುರ್ಚಿಯ ಚಕ್ರದ ತಡೆ ಬಿಡಿಸಿ, ಮೆಲ್ಲಗೆ ಇಳಿಸಿ, ತಮ್ಮನ ಪಕ್ಕ ನಿಲ್ಲಿಸಿ, ಮತ್ತೆ ಮೇಲೆ ಹೋದರು.

“ಇವರನ್ನ ನೋಡ್ಕೋತಿರು” ಎಂದರು. “ನಂಗೆ ತುಂಬಾ ನಿದ್ದೆ ಬರ್ತಿದೆ.”

ಹಸಿರು ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಟೇಪಿನ ಆ ತುದಿಯಿಂದ ಮೇಡಂ, “ಬಿಗಿಯಾಗಿ ಹಿಡೀರಿ” ಎಂದು ಕೂಗಿದರು. ಮೇಷ್ಟ್ರು ಎರಡೂ ಕೈಯಲ್ಲಿ ಒತ್ತಿ ಹಿಡಿದರು.